ಬಾಯಿ ಕ್ಯಾನ್ಸರ್ ಟ್ರೀಟ್ಮೆಂಟ್ ಮುಗೀತು, ಅಪ್ಪಾರು ರೊಟ್ಟಿ ತಿನ್ನೂದು ಯಾವಾಗ?

ಪ್ರಶ್ನೆ: ಡಾಕ್ಟರ್ ನಮಸ್ಕಾರ್ರಿ. ನಮ್ದು ಮುಧೋಳ ತಾಲೂಕಿನ ಒಂದು ಹಳ್ಳಿ. ನಮ್ಮ ಅಪ್ಪಾಗ 56 ವರ್ಷ, ಕಬ್ಬಿನ ಹೊಲ ಐತಿ, ಇಪ್ಪತ್ತೈದು ವರ್ಷ ಗುಟ್ಕಾ ತಿಂದಾರ. ಹೋದ ವರ್ಷ ಎಡಗಲ್ಲದ ಒಳಗ ಕ್ಯಾನ್ಸರ್ ಅಂತ ಆಪರೇಷನ್ ಆತು, ಕುತ್ತಿಗಿ ಗಂಟು ತಗದು ಎದಿಮ್ಯಾಲಿನ ಮಾಂಸ ತಂದು ಗಲ್ಲಕ್ಕ ಹಚ್ಯಾರ. ಆಮ್ಯಾಲೆ 30 ಕರೆಂಟ್ ಕೊಟ್ರು, ಅದು ಮುಗದು ಐದು ತಿಂಗಳಾತು. ರಿಪೋರ್ಟಿನ್ಯಾಗ ಟಿ3 ಎನ್1, ಅಂಚು ಕ್ಲಿಯರ್, ಒಂದ ಗಂಟಿನ್ಯಾಗ ಇತ್ತು, ಗಂಟಿನ ಹೊರಗ ಹರಡಿಲ್ಲ ಅಂತ ಬರದಾರ. ಕೀಮೋ ಕೊಟ್ಟಿಲ್ಲ, ಕೊಡಬೇಕಿತ್ತು ಅಂತ ಬೀಗರು ಅಂತಾರ. ಈಗ ಬಾಯಿ ಒಂದ ಬೆರಳಷ್ಟ ತಗೀತಾರ, ಬರೇ ಗಂಜಿ ಕುಡೀತಾರ, 68 ಕೆಜಿ ಇದ್ದವ್ರು 54 ಆಗ್ಯಾರ. ಉಗುಳು ಬರೂದಿಲ್ಲ, ಎಡಗೈ ಮ್ಯಾಲೆ ಏಳವಲ್ದು. ಕೋಣಿ ಬಿಟ್ಟು ಹೊರಗ ಬರೂದಿಲ್ಲ, ತಂಗಿ ಲಗ್ನ ಐತಿ, ನಾ ಬರಾಂಗಿಲ್ಲ ಅಂತ ಕುಂತಾರ. ಅಪ್ಪ ಇನ್ನ ಎಷ್ಟ ವರ್ಷ ಇರ್ತಾರ? ರೊಟ್ಟಿ ತಿನ್ನೂದು ಯಾವಾಗ? ಮತ್ತ ಒಂದು ವಾರದಿಂದ ಕೆಳಗಿನ ಹಲ್ಲು ನೋಯಾಕತ್ತೈತಿ, ಇಲ್ಲಿ ಹಲ್ಲಿನ ಡಾಕ್ಟರ್ ಸೋಮವಾರ ಬರ್ರಿ ಕಿತ್ತುಬಿಡ್ತೀನಿ ಅಂದಾರ.

ಉತ್ತರ: ಎರಡೂ ಪ್ರಶ್ನೆಗೆ ಹೇಳ್ತೀನಿ, ಆದ್ರ ನೀವು ಕಡೀಗೆ ಒಂದ ಸಾಲಿನ್ಯಾಗ ಬರದೀರಲ್ಲ ಹಲ್ಲಿನ ಮಾತು, ಮೊದಲ ಅದು. ಸೋಮವಾರ ಆ ಹಲ್ಲು ಕೀಳಿಸಬ್ಯಾಡ್ರಿ. ಇದನ್ನ ಓದೂದು ಅರ್ಧಕ್ಕ ಬಿಟ್ರೂ ಅಡ್ಡಿಯಿಲ್ಲ, ಮೊದಲ ಆ ಡಾಕ್ಟರಿಗೆ ಫೋನ್ ಹಚ್ಚಿ ನಮ್ಮ ಅಪ್ಪಾಗ ದವಡಿಗೆ ಕರೆಂಟ್ ಆಗೇತ್ರಿ ಅಂತ ಹೇಳ್ರಿ. ಅವ್ರಿಗೆ ಇದು ಗೊತ್ತಿರಲಿಕ್ಕಿಲ್ಲ, ಯಾರೂ ಹೇಳಿರಲಿಕ್ಕಿಲ್ಲ, ಗೊತ್ತಾದ್ರ ಅವ್ರೇ ಕೈ ಹಚ್ಚೂದಿಲ್ಲ.

ಯಾಕಂದ್ರ ನಮ್ಮ ಕಡೆ ಮಂದಿ ಕರೆಂಟ್ ಅಂತಾರಲ್ಲ, ಆ ರೇಡಿಯೇಷನ್ 30 ಸಲ ಅಂದ್ರ ಆಪರೇಷನ್ ಆದವ್ರಿಗೆ ಸಾಮಾನ್ಯ 60 ಗ್ರೇ ಲೆಕ್ಕ (ಗ್ರೇ ಅಂದ್ರ ರೇಡಿಯೇಷನ್ ಅಳಿಯೂ ಮಾಪು), ದಿನಕ್ಕ 2 ಗ್ರೇ, ವಾರಕ್ಕ ಐದು ದಿನ, ಆರು ವಾರ. ಅದು ಕ್ಯಾನ್ಸರ್ ಜೀವಕೋಶ ಸುಡೂದರ ಜೋಡಿ ದವಡಿ ಎಲುಬಿನ ಒಳಗಿರೋ ಸಣ್ಣ ಸಣ್ಣ ರಕ್ತನಾಳನೂ ಬತ್ತಿಸಿಬಿಡ್ತೈತಿ. ಮ್ಯಾಲಿಂದ ನೋಡಿದ್ರ ಎಲುಬು ಗಟ್ಟಿ ಇದ್ದಂಗ ಕಾಣ್ತೈತಿ, ಆದ್ರ ಗಾಯ ಆದ್ರ ಮಾಯಸ್ಕೊಳ್ಳೋ ತಾಕತ್ತು ಅದಕ್ಕ ಭಾಳ ಕಡಿಮಿ ಆಗಿರ್ತೈತಿ. ಕೆಲವ್ರಿಗೆ ಹಲ್ಲು ಕಿತ್ತ ತೂತು ಮುಚ್ಚೂದಿಲ್ಲ, ಎಲುಬು ತೆರದ ಇರ್ತೈತಿ, ಕೀವು ಹಿಡೀತೈತಿ, ಕೆಲವ್ರಿಗೆ ಗಲ್ಲದ ಹೊರಗ ತೂತು ಬಿದ್ದು ಸೋರ್ತೈತಿ, ದವಡಿ ಮುರಿದದ್ದೂ ಐತಿ. ಇದಕ್ಕ ಆಸ್ಟಿಯೋರೇಡಿಯೋನೆಕ್ರೋಸಿಸ್ ಅಂತಾರ. ಮ್ಯಾಲಿನ ದವಡಿಗಿಂತ ಕೆಳಗಿನ ದವಡಿಗೆ ಇದರ ಭಯ ಜಾಸ್ತಿ. ವರ್ಷ ಕಳದ್ರ ಭಯ ಹೋಗ್ತೈತಿ ಅಂತ ಭಾಳ ಮಂದಿ ತಿಳಕೊಂಡಾರ, ಹಂಗಿಲ್ಲ, ಇದು ಜೀವಮಾನ ಪೂರ್ತಿ ಇರೂದು. ಇಂಡಿ ಕಡೀದ ಒಬ್ಬರು, ಕ್ಯಾನ್ಸರ್ ಗೆದ್ದು ಏಳು ವರ್ಷ ಆಗಿತ್ತು, ಆರಾಮ ಇದ್ರು, ಒಂದು ಹಲ್ಲು ಕೀಳಿಸ್ಕೊಂಡು ಬಂದ್ರು, ಆಮ್ಯಾಲೆ ಎರಡು ವರ್ಷ ಅವ್ರ ದವಡಿ ಗಾಯದ ಹಿಂದನ ನಾವು ಬಿದ್ವಿ, ಕಡೀಗೆ ಅರ್ಧ ದವಡಿ ತಗದು ಕಾಲಿನ ಎಲುಬು ತಂದು ಕೂಡಿಸಬೇಕಾತು. ಕ್ಯಾನ್ಸರ್ ಕೊಡದಿದ್ದ ತ್ರಾಸ ಒಂದು ಹಲ್ಲು ಕೊಡ್ತು.

ಹಂಗಂತ ನೋವು ನುಂಗಿಕೊಂಡು ಕೂಡ್ರಿ ಅನ್ನೂದಿಲ್ಲ. ರೇಡಿಯೇಷನ್ ಕೊಟ್ಟ ಆಸ್ಪತ್ರಿಗೆ ಫೈಲ್ ತಗೊಂಡು ಹೋಗ್ರಿ, ಆ ಹಲ್ಲಿನ ಕೆಳಗಿನ ಎಲುಬಿಗೆ ಎಷ್ಟು ಡೋಸ್ ಬಿದ್ದೈತಿ ಅಂತ ಕೇಳ್ರಿ, ಕಂಪ್ಯೂಟರಿನ ಪ್ಲಾನಿನ್ಯಾಗ ಅವ್ರಿಗೆ ಕಾಣ್ತೈತಿ. ಡೋಸ್ ಭಾಳ ಇದ್ರ ಹಲ್ಲು ಕೀಳದ ರೂಟ್ ಕೆನಾಲ್ ಮಾಡ್ತಾರ, ಇಲ್ಲ ಮ್ಯಾಲಿನ ಭಾಗ ಕತ್ತರಿಸಿ ಬೇರು ಅಲ್ಲೇ ಬಿಟ್ಟು ಮುಚ್ತಾರ. ಕೀಳಲೇಬೇಕು ಅಂದ್ರ ಕ್ಯಾನ್ಸರ್ ಪೇಷೆಂಟಿನ ಹಲ್ಲು ನೋಡಿ ರೂಢಿ ಇರೋ ದೊಡ್ಡ ಆಸ್ಪತ್ರಿಯಾಗ, ಆಂಟಿಬಯೋಟಿಕ್ ಕೊಟ್ಟು, ಎಲುಬಿಗೆ ಪೆಟ್ಟಾಗದಂಗ, ಸಾವಕಾಶ ಕೀಳಬೇಕು. ಮುಖ ಬಾತ್ರ, ಜ್ವರ ಬಂದ್ರ ಸೋಮವಾರದ ತನಕ ಕಾಯಬ್ಯಾಡ್ರಿ, ಅವತ್ತ ಹೋಗ್ರಿ. ಉಳಿದ ಹಲ್ಲಿಗೆ ಫ್ಲೋರೈಡ್ ಜೆಲ್ ಇಲ್ಲ ಜಾಸ್ತಿ ಫ್ಲೋರೈಡ್ ಇರೋ ಪೇಸ್ಟ್ ಬರಸ್ಕೊಂಡು ದಿನಾ ಹಚ್ರಿ. ಉಗುಳು ಇಲ್ಲದ ಬಾಯಾಗ ಹಲ್ಲು ಒಂದೆರಡು ವರ್ಷದಾಗ ಬುಡದಿಂದನ ಹುಳ ಹಿಡದು ಉದುರ್ತಾವ, ಅದನ್ನ ತಡಿಯೂದು ಇದೊಂದ.

ಈಗ ಎಷ್ಟ ವರ್ಷ ಅನ್ನೂ ಮಾತಿಗೆ ಬರೂಣು. ನೀವು ಮೊಬೈಲಿನ್ಯಾಗ ಹುಡುಕೀರಿ ಅಂತ ನನಗ ಗೊತ್ತು, ಎಲ್ಲಾರೂ ಹುಡುಕ್ತಾರ, ರಾತ್ರಿ ಮನ್ಯಾಗ ಎಲ್ಲಾರೂ ಮಲಗಿದ ಮ್ಯಾಲೆ. ಅಲ್ಲಿ ಬರೋ ಅಮೆರಿಕದ ಅಂಕಿಯಾಗ ಭಾಳಷ್ಟು ಗಂಟಲಿನ ಕ್ಯಾನ್ಸರಿನವು, ಅದೂ ಎಚ್‌ಪಿವಿ ಅನ್ನೂ ವೈರಸ್ಸಿನಿಂದ ಬರೂವು. ಆ ಜಾತಿ ಕ್ಯಾನ್ಸರ್ ಟ್ರೀಟ್ಮೆಂಟಿಗೆ ಚೊಲೋ ಬಗ್ಗತೈತಿ, 2010ರಾಗ ಅಲ್ಲಿ ಪ್ರಕಟ ಆದ ದೊಡ್ಡ ಸ್ಟಡಿಯಾಗ ಮೂರು ವರ್ಷಕ್ಕ ವೈರಸ್ ಇದ್ದವ್ರು ನೂರಕ್ಕ 82 ಮಂದಿ ಉಳಿದಿದ್ರು, ಇಲ್ಲದವ್ರು 57. ನಮ್ಮ ಕಡೆ ಗಲ್ಲದ ಕ್ಯಾನ್ಸರ್ ಅದಲ್ಲ, ಇದು ತಂಬಾಕು ಅಡಿಕಿದು, ಆ ಅಂಕಿ ಇಲ್ಲಿಗೆ ಹೊಂದೂದಿಲ್ಲ. ಬಾಯಿ ಕ್ಯಾನ್ಸರ್ ಒಂದನೇ ಎರಡನೇ ಸ್ಟೇಜಿನ್ಯಾಗ ಸಿಕ್ಕು ಪೂರಾ ಟ್ರೀಟ್ಮೆಂಟ್ ಆದ್ರ ಐದು ವರ್ಷ ದಾಟವ್ರು ಅಂದಾಜು ನೂರಕ್ಕ 70-80 ಮಂದಿ, ಮೂರನೇ ಸ್ಟೇಜಿಗೆ ಅರ್ಧದ ಆಸುಪಾಸು, ನಾಲ್ಕನೇದಕ್ಕ ಇನ್ನೂ ಕಡಿಮಿ. ನಿಮ್ಮ ಅಪ್ಪಾರದು ಟಿ3 ಎನ್1, ಅಂದ್ರ ಮೂರನೇ ಸ್ಟೇಜು. ಅದರಾಗ ಮತ್ತ ಅಂಚು ಕ್ಲಿಯರ್ ಐತಿ, ಅಂದ್ರ ಕೊಯ್ದು ತಗದ ಭಾಗದ ಅಂಚಿನ್ಯಾಗ ಕ್ಯಾನ್ಸರ್ ಇಲ್ಲ, ಒಂದ ಗಂಟು, ಗಂಟಿನ ಗೋಡಿ ಒಡದು ಹೊರಗ ಬಂದಿಲ್ಲ. ರಿಪೋರ್ಟ್ ಕೈಗೆ ಬಂದ್ರ ನಾನು ಮೊದಲ ಹುಡುಕೂದು ಈ ಎರಡು ಸಾಲು, ಎರಡೂ ನಿಮ್ಮ ಪಾಲಿಗೆ ಚೊಲೋ ಬಂದಾವ.

ಕೀಮೋ ಮಾತೂ ಇದಕ್ಕ ಸೇರಿದ್ದು. ಆಪರೇಷನ್ ಆದ ಮ್ಯಾಲೆ ರೇಡಿಯೇಷನ್ ಜೋಡಿ ಕೀಮೋ ಸೇರಸೂದು ಮುಖ್ಯವಾಗಿ ಅಂಚಿನ್ಯಾಗ ಕ್ಯಾನ್ಸರ್ ಉಳಿದಿದ್ರ, ಇಲ್ಲ ಗಂಟು ಒಡದು ಹೊರಗ ಬಂದಿದ್ರ. ಎರಡೂ ಇಲ್ಲ ಅಂದ ಮ್ಯಾಲೆ ಅವ್ರು ಕೊಡದ ಬಿಟ್ಟದ್ದು ಸರಿನೇ ಐತಿ. ಕೊಟ್ಟಿದ್ರ ಕಿವಿ ಮಂದ ಆಗೂದು, ಕಿಡ್ನಿಗೆ ಹೊಡತ, ಕೈಕಾಲು ಜೋಮು, ಇದೆಲ್ಲಾ ಮ್ಯಾಲೆ ಬರ್ತಿತ್ತು. ಬೀಗರಿಗೆ ಹೇಳ್ರಿ. ಕುತ್ತಿಗಿ ಯಾಕ ಅಷ್ಟ ಕೊಯ್ದರು ಅಂತನೂ ಕೆಲವ್ರು ಅಂತಿರ್ತಾರ. ಮುಂಬೈ ಟಾಟಾ ಮೆಮೋರಿಯಲ್‌ನವ್ರು 2015ರಾಗ ಒಂದು ಸ್ಟಡಿ ಹೊರಗ ತಂದ್ರು, ಕುತ್ತಿಗ್ಯಾಗ ಗಂಟು ಕಾಣದಿದ್ದ ಸಣ್ಣ ಕ್ಯಾನ್ಸರಿನ್ಯಾಗೂ ಮೊದಲೇ ಗಂಟು ತಗದವ್ರು ಮೂರು ವರ್ಷಕ್ಕ ನೂರಕ್ಕ 80 ಮಂದಿ ಉಳದ್ರು, ಗಂಟು ಬಂದ ಮ್ಯಾಲೆ ತಗದವ್ರು 67. ಜಗತ್ತಿನ ಡಾಕ್ಟರೆಲ್ಲಾ ಈಗ ಅದನ್ನ ನೋಡಿ ನಡೀತಾರ. ಅಪ್ಪಾರ ಕೈ ಏಳದಂಗ ಆಗಿದ್ದು ಆ ಕೊಯ್ತದಿಂದನ, ಆದ್ರ ಅದು ಜೀವ ಉಳಸೋ ಕೊಯ್ತ.

ತಿರುಗಿ ಬರೂದಾದ್ರ ನೂರಕ್ಕ ಎಂಬತ್ತಕ್ಕಿಂತ ಜಾಸ್ತಿ ಮಂದಿಗೆ ಮೊದಲ ಎರಡು ಮೂರು ವರ್ಷದಾಗ ಬರ್ತೈತಿ. ಅದಕ್ಕ ಈ ಎರಡು ವರ್ಷ ಚೆಕಪ್ ತಪ್ಪಿಸೂದು ಅಂದ್ರ ಮನಿ ಬಾಗಿಲು ತೆರದಿಟ್ಟು ಊರಿಗೆ ಹೋದಂಗ. ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದ ತನಕ ನಾಲ್ಕರಿಂದ ಎಂಟು ತಿಂಗಳಿಗೊಮ್ಮೆ, ಆಮ್ಯಾಲೆ ವರ್ಷಕ್ಕೊಮ್ಮೆ. ಪ್ರತಿ ಸಲ ಪೆಟ್ ಸ್ಕ್ಯಾನ್ ಮಾಡಸ್ರಿ ಅಂತ ಡಾಕ್ಟರಿಗೆ ಗಂಟು ಬೀಳಬ್ಯಾಡ್ರಿ, ಬಾಯಾಗ ಬೆರಳು ಹಾಕಿ ಕುತ್ತಿಗಿ ಮುಟ್ಟಿ ನೋಡೂದ ದೊಡ್ಡ ಚೆಕಪ್ಪು. ನಡುವ ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಕುತ್ತಿಗ್ಯಾಗ ಹೊಸ ಗಂಟು, ಕಾರಣ ಇಲ್ಲದ ಕಿವಿ ನೋವು, ಬಾಯಾಗ ರಕ್ತ, ಇಲ್ಲ ಸುಧಾರಿಸಾಕತ್ತಿದ್ದ ಬಾಯಿ ಒಮ್ಮಿಂದೊಮ್ಮೆ ಮತ್ತ ಮುಚ್ಚಕೊಂಡ್ರ ತಾರೀಖಿನ ತನಕ ಕಾಯದ ಹೋಗ್ರಿ. ಹಂಗ ನೋಡಿದ್ರ ಈ ಹಲ್ಲು ನೋವನ್ನೂ ಬರೇ ಹಲ್ಲು ಅಂತ ಬಿಡದ ಒಮ್ಮೆ ಕ್ಯಾನ್ಸರ್ ಡಾಕ್ಟರ್ ಬೆರಳು ಹಾಕಿ ನೋಡಲಿ.

ತಿರುಗಿ ಬಂದ್ರೂ ಬಾಗಿಲು ಮುಚ್ಚಿದಂಗಲ್ಲ. ಕೆಲವ್ರಿಗೆ ಮತ್ತ ಆಪರೇಷನ್ ಆಗ್ತೈತಿ. ಆಗದವ್ರಿಗೆ ಟಾಟಾದವ್ರ ಕಂಡುಕೊಂಡ ದಾರಿ ಐತಿ, ನಿವೊಲುಮ್ಯಾಬ್ ಅನ್ನೂ ಲಕ್ಷಗಟ್ಟಲೆ ರೊಕ್ಕದ ಇಮ್ಯುನೊಥೆರಪಿ (ಮೈಯ ರೋಗ ತಡಿಯೂ ಶಕ್ತಿಯನ್ನ ಎಬ್ಬಸೂ) ಔಷಧ ಬರೇ 20 ಮಿಲಿಗ್ರಾಂ ಮೂರು ವಾರಕ್ಕೊಮ್ಮೆ ಕೊಟ್ಟು ಅದರ ಜೋಡಿ ಕ್ಯಾನ್ಸರಿನ ಗುಳಿಗಿ ಕೊಟ್ರು, ಬರೇ ಗುಳಿಗಿ ತಗೊಂಡವ್ರು ವರ್ಷಕ್ಕ ನೂರಕ್ಕ 16 ಮಂದಿ ಉಳಿದಿದ್ರ ಇದನ್ನ ತಗೊಂಡವ್ರು 43 ಮಂದಿ ಉಳದ್ರು. ಬಡವ್ರ ಕೈಗೆ ನಿಲುಕೂ ಹಂಗ ಮಾಡಿದ್ದು ನಮ್ಮ ದೇಶದ ಡಾಕ್ಟರು, ಅದಕ್ಕ ನನಗ ಭಾಳ ಅಭಿಮಾನ ಐತಿ. ನಿಮಗ ಅದು ಬೇಕಾಗದಿರಲಿ.

ಇನ್ನ ನೀವು ಎರಡನೇದಾಗಿ ಕೇಳಿದ ರೊಟ್ಟಿ ಮಾತು. ನನಗ ಇದ ಮೊದಲನೇದು, ಯಾಕ ಅಂತ ಹೇಳ್ತೀನಿ. ಭಾಳ ವರ್ಷದ ಹಿಂದ ನಾನು ಒಪಿಡಿಯಾಗ ಒಬ್ಬರ ಕುತ್ತಿಗಿ ಮುಟ್ಟಿ, ಬಾಯಾಗ ಬ್ಯಾಟರಿ ಬಿಟ್ಟು ನೋಡಿ, ಎಲ್ಲಾ ಚೊಲೋ ಐತ್ರಿ, ಮೂರು ತಿಂಗಳು ಬಿಟ್ಟು ಬರ್ರಿ ಅಂದೆ. ಅವ್ರು ಎದ್ದು ಹೊರಗ ಹೋದ್ರು, ಹಿಂದ ನಿಂತಿದ್ದ ಅವ್ರ ಮನಿಯವ್ರು ಹೋಗಲಿಲ್ಲ. ಚೊಲೋ ಐತಿ ಅಂತೀರಿ ಸಾಹೇಬ್ರ, ಅವ್ರು ನಮ್ಮ ಜೋಡಿ ಕುಂತು ಉಂಡು ಒಂದು ವರ್ಷ ಆತು ಅಂದ್ರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನಾನು ಕ್ಯಾನ್ಸರ್ ಇಲ್ಲ ಅನ್ನೂದನ್ನ ಚೊಲೋ ಅಂತಿದ್ದೆ, ಆ ತಾಯಿ ಲೆಕ್ಕದಾಗ ಚೊಲೋ ಅಂದ್ರ ತಾಟಿನ ಮುಂದ ಗಂಡ ಕುಂತಿರೂದು. ಅವತ್ತಿಂದ ಪ್ರತಿ ಪೇಷೆಂಟಿಗೆ ಕುತ್ತಿಗಿ ಮುಟ್ಟೂಕಿಂತ ಮೊದಲ ನಿನ್ನೆ ಏನು ಉಂಡ್ರಿ, ಯಾರ ಜೋಡಿ ಉಂಡ್ರಿ ಅಂತ ಕೇಳ್ತೀನಿ.

ಇದನ್ನ ಅಳಿಯಾಕ ಪಟ್ಟಿನೂ ಅದಾವ. ಅಮೆರಿಕದ ವಾಷಿಂಗ್ಟನ್ ಯೂನಿವರ್ಸಿಟಿಯವ್ರು ಮಾಡಿದ್ದರಾಗ ಹನ್ನೆರಡು ಬಾಬತ್ತು ಅದಾವ: ನೋವು, ಮುಖದ ರೂಪ, ಓಡಾಟ, ಮನರಂಜನಿ, ನುಂಗೂದು, ಅಗಿಯೂದು, ಮಾತು, ಹೆಗಲು, ರುಚಿ, ಉಗುಳು, ಮನಸ್ಸು, ಕಳವಳ. ನಿಮ್ಮ ಪತ್ರ ತಿರುಗಿ ಓದ್ರಿ, ಹನ್ನೆರಡರಾಗ ಎಂಟು ಒಂಬತ್ತು ನೀವ ಬರದೀರಿ. ಸಾಮಾನ್ಯ ಏನಾಗ್ತೈತಿ ಅಂದ್ರ ರೇಡಿಯೇಷನ್ ಮುಗಿಯೂ ಹೊತ್ತಿಗೆ ಇದೆಲ್ಲಾ ಪಾತಾಳಕ್ಕ ಇಳದಿರ್ತೈತಿ, ಆಮ್ಯಾಲೆ ಮೆಲ್ಲಕ ಏರಿ ಒಂದು ವರ್ಷದ ಹೊತ್ತಿಗೆ ಜೀವನ ಒಟ್ಟಿನ ಮ್ಯಾಲೆ ಮೊದಲಿನ ಹತ್ತಿರ ಬರ್ತೈತಿ, ಆದ್ರ ಬಾಯಿ ಒಣಗೂದು, ಹಲ್ಲು, ಬಾಯಿ ತೆಗಿಯೂದು ಇವು ಮಾತ್ರ ತಾವಾಗೇ ಬರೂದಿಲ್ಲ, ಹಿಂದ ಬೀಳಬೇಕು. ಅಪ್ಪಾರಿಗೆ ಐದು ತಿಂಗಳಾಗೇತಿ, ಅಂದ್ರ ಏರೂ ದಾರ್ಯಾಗ ಅದಾರ, ಆದ್ರ ಯಾರೂ ಕೈ ಹಿಡದು ಏರಿಸವಲ್ರು. ಮತ್ತ ಒಂದು ಮಾತು, ಟ್ರೀಟ್ಮೆಂಟ್ ಆದ ಮ್ಯಾಲೆ ಉಣ್ಣೂದು ತಿರುಗಾಡೂದು ಮನಸ್ಸು ಚೊಲೋ ಇದ್ದವ್ರು ಜಾಸ್ತಿ ವರ್ಷ ಬದುಕ್ತಾರ ಅಂತ ಸ್ಟಡಿಗಳು ಹೇಳ್ತಾವ. ಯಾವುದರಿಂದ ಯಾವುದು ಅಂತ ಬಿಡಿಸಿ ಹೇಳೂದು ಕಷ್ಟ, ರೋಗ ಒಳಗ ಕಡಿಮಿ ಇದ್ದವ್ರು ತಾವಾಗೇ ಚೊಲೋ ಉಣ್ತಿರಬಹುದು. ಆದ್ರೂ ನಿಮ್ಮ ಎರಡು ಪ್ರಶ್ನೆ ನಾನು ಬ್ಯಾರೆ ಬ್ಯಾರೆ ಅಂತ ತಿಳಿಯೂದಿಲ್ಲ. ರೊಟ್ಟಿ ತಿನ್ನೂ ತನಕ ಅಪ್ಪಾರನ್ನ ತಂದ್ರ ವರ್ಷಕ್ಕೂ ಅದರಿಂದ ಲಾಭ ಐತಿ.

ಬಾಯಿ ಯಾಕ ಮುಚ್ಚಕೊಂತು ಅಂದ್ರ ಗುಟ್ಕಾದ ಅಡಿಕಿಯಿಂದ ಗಲ್ಲ ಮೊದಲೇ ಬಿರುಸಾಗಿರ್ತೈತಿ, ಅದರ ಮ್ಯಾಲೆ ಆಪರೇಷನ್ ಗಾಯ, ಅದರ ಮ್ಯಾಲೆ ರೇಡಿಯೇಷನ್, ಅಗಿಯೋ ಸ್ನಾಯು ಒಣಗಿದ ಚರ್ಮದ ಹಗ್ಗದಂಗ ಸೆಟದು ಕೂಡ್ತೈತಿ. ಮ್ಯಾಲಿನ ಕೆಳಗಿನ ಮುಂದಿನ ಹಲ್ಲಿನ ನಡುವ 35 ಮಿಲಿಮೀಟರಿಗಿಂತ ಕಡಿಮಿ ಇದ್ರ ಟ್ರಿಸ್ಮಸ್ ಅಂತೀವಿ, ಆರಾಮ ಇದ್ದವ್ರಿಗೆ ಮೂರು ಬೆರಳು ಹೋಗ್ತಾವ. ಇವತ್ತ ಒಂದು ಸ್ಕೇಲ್ ಹಿಡದು ಅಳೀರಿ, ಕ್ಯಾಲೆಂಡರಿನ್ಯಾಗ ಬರೀರಿ. ಅಂಗಡಿಯಾಗ ಐಸ್ ಕ್ರೀಮ್ ಕಡ್ಡಿ ಕಟ್ಟು ಸಿಗ್ತಾವ, ಚಪ್ಪಟಿ ಕಟಗಿವು. ನೋವಿರೋ ಹಲ್ಲಿನ ಕಡೆ ಬ್ಯಾಡ, ಇನ್ನೊಂದು ಕಡೆ ದವಡಿ ಹಲ್ಲಿನ ನಡುವ ಎಷ್ಟು ಹಿಡೀತಾವ ಅಷ್ಟು ಕಡ್ಡಿ ಒಂದರ ಮ್ಯಾಲೊಂದು ಇಟ್ಟು, ಆಮ್ಯಾಲೆ ನಡುವ ಇನ್ನೊಂದು ಕಡ್ಡಿ ಮೆಲ್ಲಕ ತುರುಕ್ರಿ. ಜಗ್ಗಿದಂಗ ಆಗಬೇಕು, ಚುಚ್ಚಿದಂಗ ಆಗಬಾರದು. ಅರ್ಧ ನಿಮಿಷ ಹಿಡದು ಬಿಡೂದು, ಹಂಗ ಐದು ಸಲ, ದಿನಕ್ಕ ಐದಾರು ಹೊತ್ತು. ಒಂದು ಕಡ್ಡಿ ಸಡಿಲ ಆತು ಅಂದ್ರ ಮುಂದಿನ ವಾರ ಒಂದು ಏರಸ್ರಿ. ಶುರು ಮಾಡೂಕಿಂತ ಮೊದಲ ಆಪರೇಷನ್ ಮಾಡಿದವ್ರನ್ನ ಕೇಳ್ರಿ, ದವಡಿ ಎಲುಬು ಕತ್ತರಿಸಿ ಪ್ಲೇಟ್ ಹಾಕಿದ್ರ ಇಷ್ಟು ಜೋರು ಮಾಡೂಹಂಗಿಲ್ಲ. ಬಿಸಿ ಅರಿವಿ ಕಾವು ಕೊಡೂದಿದ್ರ ನಿಮ್ಮ ಕೈಗೆ ಹಿಡದು ನೋಡಿ ಕೊಡ್ರಿ, ಆ ಗಲ್ಲಕ್ಕ ಸ್ಪರ್ಶ ಇರೂದಿಲ್ಲ, ಸುಟ್ರೂ ಅವ್ರಿಗೆ ತಿಳಿಯೂದಿಲ್ಲ.

ಖರೇ ಹೇಳಬೇಕಂದ್ರ ಈ ಕಸರತ್ತು ರೇಡಿಯೇಷನ್ ನಡದಾಗನ ಶುರು ಆಗಬೇಕಿತ್ತು. ಡಿಸ್ಚಾರ್ಜ್ ಆಗೂ ಗದ್ದಲದಾಗ ಯಾರೋ ಒಬ್ಬರು ಬಾಯಿ ಎಕ್ಸರ್ಸೈಜ್ ಮಾಡ್ರಿ ಅಂದಿರ್ತಾರ, ಹೆಂಗ ಅಂತ ಯಾರೂ ಮಾಡಿ ತೋರಿಸಿರೂದಿಲ್ಲ. ಇದು ನಮ್ಮ ಡಾಕ್ಟರುಗಳ ತಪ್ಪು, ನಾನೂ ಅದರಾಗ ಅದೀನಿ. ಐದು ತಿಂಗಳಿಗೆ ಶುರು ಮಾಡಿದ್ರ ಮೂರು ಬೆರಳು ಬಂದ ಬರ್ತಾವ ಅಂತ ನಾ ಮಾತು ಕೊಡೂದಿಲ್ಲ, ಆದ್ರ ಒಂದು ಬೆರಳು ಎರಡಾಗೂದು ಭಾಳ ಸಲ ನೋಡೀನಿ, ಎರಡು ಬೆರಳು ತೆಗೆದ್ರ ಚಮಚ ಹೋಗ್ತೈತಿ, ಬ್ರಷ್ ಹೋಗ್ತೈತಿ, ಹಲ್ಲಿನ ಡಾಕ್ಟರಿಗೆ ಕೈಯಾಡಾಕ ಜಾಗ ಸಿಗ್ತೈತಿ, ಚೆಕಪ್ಪಿನ್ಯಾಗ ಹಿಂದಿನ ತನಕ ನೋಡಾಕ ಬರ್ತೈತಿ. ಬಿಟ್ರ ಮತ್ತ ಮುಚ್ಚಕೊಳ್ತೈತಿ, ವರ್ಷಗಟ್ಟಲೆ ಬಿಡೂಹಂಗಿಲ್ಲ.

ತೂಕ 14 ಕೆಜಿ ಇಳದೈತಿ, ಮೈಯ ಐದರಾಗ ಒಂದು ಪಾಲು ಹೋತು. ಇದು ನನಗ ಹಲ್ಲಿನಷ್ಟ ಕಾಳಜಿ ಹಚ್ಚೈತಿ. ಬರೇ ಗಂಜಿಯಾಗ ಇರೂದು ನೀರು. 54 ಕೆಜಿ ಮನಷ್ಯಾಗ ಏರಬೇಕಂದ್ರ ದಿನಕ್ಕ 1,600ರಿಂದ 1,900 ಕ್ಯಾಲರಿ, 65ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ತತ್ತ್ಯಾಗ ಆರು ಗ್ರಾಂ, ಒಂದು ಲೀಟರ್ ಹಾಲಿನ್ಯಾಗ ಮೂವತ್ತರ ಮ್ಯಾಲೆ. ಮನ್ಯಾಗ ಎಮ್ಮಿ ಇದ್ರ ಅರ್ಧ ಕೆಲಸ ಆದಂಗ. ಗಂಜಿನ ನೀರಿನ ಬದಲಿ ಹಾಲಿನ್ಯಾಗ ಕುದಸ್ರಿ, ತುಪ್ಪ ಸುರೀರಿ, ಹೆಸರುಬ್ಯಾಳಿ ಬೇಯಿಸಿ ಮಿಕ್ಸರಿಗೆ ಹಾಕ್ರಿ, ಶೇಂಗಾ ಹುರದು ಖಾರ ಹಾಕದ ನುಣ್ಣಗ ಅರದು ಕಲಸ್ರಿ, ತತ್ತಿ ತಿನ್ನೂ ಮಂದಿ ಇದ್ರ ಬೇಯಿಸಿ ಕಿವಿಚಿ ಅದರಾಗ ಹಾಕ್ರಿ. ಮೂರು ಹೊತ್ತು ಅಲ್ಲ, ಎರಡು ತಾಸಿಗೊಮ್ಮೆ ಒಂದು ಬಟ್ಟಲ. ಸಕ್ಕರಿ ಕಾಯಿಲೆ ಇದ್ರ ಡಯಟಿಷಿಯನ್ ಕೇಳಿ ಮಾಡ್ರಿ. ವಾರಕ್ಕೊಮ್ಮೆ ಒಂದ ತಕ್ಕಡ್ಯಾಗ ತೂಗ್ರಿ. ಹಿಂಗ ಮಾಡಿನೂ ತಿಂಗಳದಾಗ ಇನ್ನ ಇಳದ್ರ ಮೂಗಿನಿಂದನೋ ಹೊಟ್ಟಿಗೋ ನಳಿಗಿ ಹಾಕಸೂದಕ್ಕ ನಾಚಬ್ಯಾಡ್ರಿ, ಅದು ಸ್ವಲ್ಪ ದಿನದ ಊರುಗೋಲು, ಬಾಯಿಂದ ನುಂಗೂದನ್ನ ಮಾತ್ರ ಪೂರಾ ಬಿಡಸಬ್ಯಾಡ್ರಿ, ನುಂಗೋ ಸ್ನಾಯು ಕೆಲಸ ಬಿಟ್ರ ಮರತ ಬಿಡ್ತಾವ. ಉಣ್ಣೂವಾಗ ಕೆಮ್ಮು ಬಂದ್ರ, ನೀರು ನೆತ್ತಿಗೇರಿದ್ರ, ಅನ್ನ ಶ್ವಾಸಕೋಶಕ್ಕ ಹೋಗಾಕತ್ತೈತಿ ಅಂತ ತಿಳೀರಿ, ಸ್ವಾಲೋ ಥೆರಪಿಸ್ಟ್ ಅಂತ ನುಂಗೂದನ್ನ ಕಲಿಸವ್ರು ಇರ್ತಾರ, ಲಗೂನ ತೋರಸ್ರಿ.

ರೊಟ್ಟಿಗೆ ಹೋಗೂ ದಾರಿ ನಮ್ಮ ಅಡಗಿ ಮನ್ಯಾಗನ ಐತಿ. ಮೊದಲ ನುಚ್ಚು-ಮಜ್ಜಿಗಿ. ಅದು ಸರಾಗ ಇಳದ್ರ ಹಾಲಿನ್ಯಾಗ ನೆನಸಿದ ಬಿಸಿ ರೊಟ್ಟಿ, ಕಿವಿಚಿ. ಆಮ್ಯಾಲೆ ಮುಟಗಿ, ದಪ್ಪ ರೊಟ್ಟಿ ಕುಟ್ಟಿ ಮಾಡ್ತಾರಲ್ಲ ಅದ, ಆದ್ರ ಖಾರ ಬಳ್ಳೊಳ್ಳಿ ಬಿಟ್ಟು ತುಪ್ಪ ಮೊಸರು ಹಾಕಿ ಮೆತ್ತಗ ಮಾಡಿ ಸಣ್ಣ ಸಣ್ಣ ಉಂಡಿ. ಅಥಣಿ ಕಡೀದ ಒಬ್ಬ ಅಜ್ಜಿ ನನಗ ಇದನ್ನ ಕಲಿಸಿದ್ರು, ಎಂಟು ತಿಂಗಳಿಗೆ ಅವ್ರು ಮುಟಗಿ ಮುಟ್ಟಿದ್ರು, ವರ್ಷ ದಾಟಿದ ಮ್ಯಾಲೆ ಬ್ಯಾಳಿಯೊಳಗ ಅದ್ದಿದ ತೆಳ್ಳನ ಬಿಸಿ ರೊಟ್ಟಿ. ಕಟಕ ರೊಟ್ಟಿ, ಅಂದ್ರ ಒಣಾ ಖಡಕ್ ರೊಟ್ಟಿ ಮಾತ್ರ ಬ್ಯಾಡ, ಉಗುಳಿಲ್ಲದ ಬಾಯಿಗೆ ಅದು ಗಾಜಿನ ಚೂರಿದ್ದಂಗ, ಕೆಲವ್ರಿಗೆ ಅದು ಯಾವತ್ತೂ ಆಗೂದಿಲ್ಲ. ರುಚಿ ಸಾಮಾನ್ಯ ಎರಡು ಮೂರು ತಿಂಗಳಿಂದ ಬರಾಕ ಶುರು ಆಗಿ ವರ್ಷದ ತನಕ ಬರ್ತಾ ಇರ್ತೈತಿ.

ಉಗುಳಿಗೆ ಟೈಮ್ ಕೊಡ್ರಿ, ಎರಡು ವರ್ಷದ ತನಕ ಸ್ವಲ್ಪ ಸ್ವಲ್ಪ ತಿರುಗಿ ಬರ್ತೈತಿ. ಯಾವ ಮಶಿನ್ಯಾಗ ರೇಡಿಯೇಷನ್ ಆಗೇತಿ ಅನ್ನೂದರ ಮ್ಯಾಲೂ ಐತಿ, ಐಎಂಆರ್‌ಟಿ ಅಂತ ಇದ್ರ ಉಗುಳಿನ ಗ್ರಂಥಿ ತಪ್ಪಿಸಿ ಕೊಟ್ಟಿರ್ತಾರ. ಇಂಗ್ಲೆಂಡಿನ 2011ರ ಸ್ಟಡಿಯಾಗ ಹಳೇ ಪದ್ಧತಿಯೊಳಗ ವರ್ಷದ ಮ್ಯಾಲೂ ನೂರಕ್ಕ 74 ಮಂದಿಗೆ ಬಾಯಿ ಜೋರು ಒಣಗಿತ್ತು, ಐಎಂಆರ್‌ಟಿಯಾಗ 38. ಸದ್ಯಕ್ಕ ನೀರಿನ ಬಾಟ್ಲಿ ಕೈಯಾಗ ಇರಲಿ, ಒಂದು ಗ್ಲಾಸ್ ಬೆಚ್ಚನ ನೀರಿಗೆ ಕಾಲು ಚಮಚ ಉಪ್ಪು ಕಾಲು ಚಮಚ ಅಡಗಿ ಸೋಡಾ ಹಾಕಿ ಐದಾರು ಸಲ ಬಾಯಿ ಮುಕ್ಕಳಿಸಿ ಉಗಳಲಿ, ಅಂಗಡಿ ಮೌತ್‌ವಾಶ್ ಸ್ಪಿರಿಟ್ ಇದ್ದದ್ದು ಬ್ಯಾಡ, ಬಾಯಿ ನೀರೂರಲಿ ಅಂತ ಲಿಂಬು ಪೆಪರಮೆಂಟ್ ಚೀಪೂದು ಹಲ್ಲಿಗೆ ವಿಷ. ನಾಲಿಗಿ ಮ್ಯಾಲೆ ಬಿಳಿ ಪೊರಿ ಬಂದು ಉರದ್ರ ಅದು ಫಂಗಸ್, ಗುಳಿಗಿಗೆ ಹೋಗ್ತೈತಿ.

ಹೆಗಲಿಗೆ ಫಿಜಿಯೋಥೆರಪಿ ಬೇಕ ಬೇಕು, ಕುತ್ತಿಗ್ಯಾಗ ಹಾದು ಹೋಗೂ ಹೆಗಲಿನ ನರ ಜಗ್ಗಿದ್ರೂ ಕೈ ಏಳೂದಿಲ್ಲ, ನರ ಉಳಿದಿದ್ರ ತಿಂಗಳುಗಟ್ಟಲೆ ತಗೊಂಡ್ರೂ ಸುಧಾರಿಸ್ತೈತಿ, ಕೈ ಆಡಸದ ಬಿಟ್ರ ಕೀಲು ಬಿಗೀತೈತಿ. ಭಾರ ಎತ್ತೂದು, ಕಬ್ಬು ಹೊರೂದು ಈಗ ಬ್ಯಾಡ. ಮತ್ತ ಥೈರಾಯ್ಡ್: ಕುತ್ತಿಗಿಗೆ ರೇಡಿಯೇಷನ್ ಆದವ್ರಿಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತ ಪರೀಕ್ಷಾ ಆಗಬೇಕು. ಥೈರಾಯ್ಡ್ ಕೆಲಸ ಕಡಿಮಿ ಆದ್ರ ಮನಷ್ಯಾ ಮಂಕಾಗಿ ಮೂಲ್ಯಾಗ ಕೂಡ್ತಾನ, ಮನ್ಯಾವ್ರು ಚಿಂತಿ ಹಚ್ಚಕೊಂಡಾರ ಅಂತ ತಿಳೀತಾರ, ದಿನಾ ಒಂದು ಸಣ್ಣ ಗುಳಿಗಿಗೆ ಸರಿ ಆಗೂದನ್ನ ವರ್ಷಗಟ್ಟಲೆ ಅನುಭವಿಸ್ತಾರ. ಅಪ್ಪಾರು ಕೋಣಿ ಬಿಡವಲ್ರು ಅಂದಿರಲ್ಲ, ಈ ಪರೀಕ್ಷಾ ಈ ವಾರ ಮಾಡಸ್ರಿ.

ಆದ್ರ ಕೋಣಿಗೆ ಕಾರಣ ಬರೇ ಥೈರಾಯ್ಡ್ ಇರಲಿಕ್ಕಿಲ್ಲ. ಊರ ಮುಂದಿನ ಕಟ್ಟಿ ಮ್ಯಾಲೆ ಕುಂತು ನಾಲ್ಕು ಮಂದಿಗೆ ಬುದ್ಧಿ ಹೇಳತಿದ್ದ ಮನಷ್ಯಾಗ ಈಗ ತುಟಿ ಮೂಲ್ಯಾಗಿಂದ ನೀರು ಸೋರ್ತೈತಿ, ಮಾತು ತೊದಲ್ತೈತಿ, ಹುಡುಗ್ರು ಮುಖ ನೋಡಿ ಹಿಂದ ಸರೀತಾವ. ಕ್ಯಾನ್ಸರ್ ಬ್ಯಾರೆ ಎಲ್ಲಿ ಬಂದ್ರೂ ಅಂಗಿ ಒಳಗ ಇರ್ತೈತಿ, ಇದು ಮುಖದ ಮ್ಯಾಲೆ. ಮ್ಯಾಲಿಂದ ನನ್ನ ತಪ್ಪಿಂದನ ಬಂತು, ಗುಟ್ಕಾ ನಾನ ತಿಂದೆ, ಮಗಳ ಲಗ್ನದ ರೊಕ್ಕ ನನ್ನ ಮ್ಯಾಲೆ ಹೋತು ಅನ್ನೂದು ಒಳಗ ಕೊರೀತಿರ್ತೈತಿ. ಈ ಕ್ಯಾನ್ಸರಿನವ್ರೊಳಗ ತಮ್ಮ ಜೀವ ತಾವ ತಗೊಳ್ಳವ್ರು ಬ್ಯಾರೆ ಭಾಳಷ್ಟು ಕ್ಯಾನ್ಸರಿಗಿಂತ ಜಾಸ್ತಿ, ಅದಕ್ಕ ನಾನು ಬಾಯಿ ಬಿಟ್ಟ ಹೇಳ್ತೀನಿ, ಯಾಕ ಬದುಕೀನಿ, ನಿಮಗ ಭಾರ ಆಗೀನಿ ಅನ್ನೂ ಮಾತು ಬಂದ್ರ ಹಂಗನ್ನಬ್ಯಾಡ ಅಂತ ಬಾಯಿ ಮುಚ್ಚಿಸಬ್ಯಾಡ್ರಿ, ಕುಂತು ಪೂರಾ ಕೇಳ್ರಿ, ಅವತ್ತ ಡಾಕ್ಟರ್ ಹಂತೇಕ ಕರಕೊಂಡು ಹೋಗ್ರಿ. ಬೆಳಿಗೆ ಹೊಡಿಯೂ ಎಣ್ಣಿ ಮನ್ಯಾಗ ಇದ್ರ ಇವತ್ತ ಬ್ಯಾರೆ ಕಡೆ ಸಾಗಸ್ರಿ. 14416 ಅಂತ ಸರ್ಕಾರದ ಟೆಲಿ ಮಾನಸ್ ನಂಬರ್ ಐತಿ, ಫುಕಟ್, ಕನ್ನಡದಾಗ ಮಾತಾಡ್ತಾರ, ನಿಮಗೂ ತಾಯಿಯವ್ರಿಗೂ ಅದು ಆಗ್ತೈತಿ.

ಲಗ್ನಕ್ಕ ಬರ್ರಿ ಬರ್ರಿ ಅಂತ ಜಗ್ಗಬ್ಯಾಡ್ರಿ. ಅವ್ರಿಗೆ ಅಂಜಿಕಿ ಊಟದ ಪಂಕ್ತಿದು, ಎಲ್ಲಾರ ಮುಂದ ಉಣ್ಣಾಕ ಬರೂದಿಲ್ಲ ಅನ್ನೂದು. ಅಪ್ಪಾ, ಊಟ ಮನ್ಯಾಗ ಮೊದಲ ಮುಗಸೂಣು, ಅಕ್ಕಿಕಾಳು ಹಾಕೂ ಹೊತ್ತಿಗೆ ಬಂದು ಅರ್ಧ ತಾಸು ಕುಂತು ಬಂದ್ರ ಸಾಕು, ಹೆಗಲ ಮ್ಯಾಲೆ ಶಲ್ಯ ಇರಲಿ, ಬಾಯಿ ಒರಸ್ಕೊಳ್ಳಾಕ ಆಗ್ತೈತಿ, ಹೆಂಗ ಮಾಡೂಣು ನೀನ ಹೇಳು ಅಂತ ಕೇಳ್ರಿ. ನಿರ್ಧಾರ ಅವ್ರದಾಗಲಿ. ಅದಕ್ಕೂ ಮೊದಲ, ಇವತ್ತ ರಾತ್ರಿಯಿಂದ, ನಿಮ್ಮ ತಾಟು ತಗೊಂಡು ಕೋಣ್ಯಾಗ ಹೋಗಿ ಅವ್ರ ಜೋಡಿ ಕುಂಡ್ರಿ. ಅವ್ರು ಗಂಜಿ ಕುಡಿಯಾಕ ಅರ್ಧ ತಾಸು ತಗೊಂಡ್ರ ನೀವೂ ಅರ್ಧ ತಾಸು ಉಣ್ರಿ.

ತಂಬಾಕು ಬಿಟ್ಟಾರೇನು ಅಂತ ನೀವು ಬರದಿಲ್ಲ. ಒಂದ್ಸಲ ಕ್ಯಾನ್ಸರ್ ಆದ ಬಾಯಿಗೆ ವರ್ಷಕ್ಕ ನೂರಕ್ಕ ಎರಡು ಮೂರು ಮಂದಿಗೆ ಮತ್ತೊಂದು ಹೊಸ ಕ್ಯಾನ್ಸರ್ ಬರೂ ಸಾಧ್ಯತಿ ಇರ್ತೈತಿ, ಚಟ ಉಳದ್ರ ಅದು ಏರ್ತೈತಿ. ಬರೇ ಅಡಿಕಿ ತಿಂದ್ರ ಏನೂ ಆಗೂದಿಲ್ಲ ಅನ್ನೂದೂ ಸುಳ್ಳು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವ್ರು 2004ರಾಗನ ಅಡಿಕಿ ತಾನೊಂದ ಕ್ಯಾನ್ಸರ್ ತರ್ತೈತಿ ಅಂತ ಸಾರ್ಯಾರ. ಕರ್ನಾಟಕದಾಗ ಗುಟ್ಕಾ 2013ರಾಗ ಬಂದ್ ಆತು, ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಎರಡೂ ಕೂಡಿಸಿ ಬಾಯಾಗ ಹಾಕೋತಾರ. ಬಿಡಾಕ ಆಗವಲ್ದು ಅಂದ್ರ 1800-11-2356ಕ್ಕ ಫೋನ್ ಮಾಡ್ರಿ, ಬಿಡಸಾಕ ಸಹಾಯ ಮಾಡ್ತಾರ. ತಾಯಿಯವ್ರು ಹಲ್ಲಿಗೆ ತಂಬಾಕಿನ ಪುಡಿ ತಿಕ್ಕೂ ರೂಢಿ ಇಟ್ಟಿದ್ರ ಅವ್ರೂ ಬಿಡಲಿ. ಮತ್ತ ನೀವು? ನಿಮ್ಮ ಕಿಸೆದಾಗ ಚೀಟಿ ಇದ್ರ ಅಪ್ಪಾರ ಮುಂದ ತಗದು ಒಲಿಗೆ ಹಾಕ್ರಿ, ಆ ಮನಷ್ಯಾಗ ನೀವು ಕೊಡೂ ಯಾವ ಔಷಧಕ್ಕಿಂತ ಅದು ಸಮಾಧಾನ ಕೊಡ್ತೈತಿ.

ಚೆಕಪ್ಪಿಗೆ ಆಪರೇಷನ್ ಆದಲ್ಲೇ ಹೋಗೂದು ಚೊಲೋ, ಅವ್ರ ಕೈಗೆ ಆ ಕುತ್ತಿಗಿ ಪರಿಚಯ ಇರ್ತೈತಿ. ದೂರ ಆತು ಅಂದ್ರ ಬೆಳಗಾವಿಯಾಗ ಕೆಎಲ್‌ಇ, ವಿಜಯಪುರದಾಗ ಬಿಎಲ್‌ಡಿಇ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿ, ಮಿರಜಿನ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರಿ, ಇವುಗಳಾಗ ನಿಮಗ ಅನುಕೂಲ ಇದ್ದದ್ದನ್ನ ಹಿಡೀರಿ, ಆದ್ರ ಒಂದನ್ನ ಹಿಡೀರಿ, ಬಯಾಪ್ಸಿ, ಆಪರೇಷನ್, ರೇಡಿಯೇಷನ್ ಕಾಗದ ಎಲ್ಲಾ ಒಂದ ಫೈಲಿನ್ಯಾಗ ಇರಲಿ, ಮೊಬೈಲಿನ್ಯಾಗ ಫೋಟೋನೂ ಇರಲಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಾಗ ಮನಿತನಕ್ಕ ವರ್ಷಕ್ಕ ಐದು ಲಕ್ಷದ ತನಕ ಐತಿ, ಹಲ್ಲಿಂದು ನಳಿಗಿದು ಯಾವುದು ಅದರಾಗ ಬರ್ತೈತಿ ಅಂತ ಆಸ್ಪತ್ರಿಯ ಆರೋಗ್ಯಮಿತ್ರನ್ನ, ಅಂದ್ರ ಈ ಯೋಜನಾದ ಸಹಾಯಕರನ್ನ, ಮೊದಲ ಕೇಳ್ರಿ. ಕುಡಚಿಯಿಂದ ಮಿರಜಿಗೆ ರೈಲಿಗೆ ಹೋಗೂದಿದ್ರ ಕ್ಯಾನ್ಸರ್ ಪೇಷೆಂಟಿಗೂ ಜೋಡಿ ಹೋಗವ್ರಿಗೂ ಟಿಕೆಟಿನ್ಯಾಗ ದೊಡ್ಡ ರಿಯಾಯ್ತಿ ಐತಿ, ಡಾಕ್ಟರಿಂದ ಫಾರ್ಮ್ ಸಹಿ ಮಾಡಸ್ಕೋರಿ.

ಸೋಮವಾರಕ್ಕ ಅಪ್ಪಾರನ್ನ ಹೆಂಗೂ ಕರಕೊಂಡು ಹೊರಡಾವ್ರಿದ್ರಿ, ಹಂಗಾದ್ರ ಆ ದಿನ ಈ ಕಡೆ ತಿರಗಸ್ರಿ: ಹಲ್ಲು, ಬೆರಳು ಹಾಕಿ ಗಾಯ ನೋಡೂದು, ಟಿಎಸ್‌ಎಚ್, ಡಯಟಿಷಿಯನ್, ಫಿಜಿಯೋಥೆರಪಿ, ಎಲ್ಲಾ ಒಂದ ದಿನದಾಗ ಒಂದ ಆಸ್ಪತ್ರಿಯಾಗ ಆಗ್ತೈತಿ. ಬಾಯಿ ಇವತ್ತ ಎಷ್ಟು ಮಿಲಿಮೀಟರ್ ಐತಿ ಅಂತ ಬರದಿಟ್ಟು, ಮೂರು ತಿಂಗಳಿಗೆ ಮತ್ತ ಅಳದು ನನಗ ತಿಳಸ್ರಿ, ನಾ ಕಾಯ್ತಿರ್ತೀನಿ.